ಗುಡ್ಡಾ ಏರೂ ಗಾಲಿ, ಅದರ ವಜನಾ, ಅದರ ರೊಕ್ಕಾ

ಸೈಕಲ್ ತಗೊಂಡ್ರ ಗಾಲಿ ಅದರ ಜೋಡೀನ ಬರ್ತಾವ, ಹಾಳಾಗೂ ಮಟ ಅವನ್ನ ಯಾರೂ ಬದಲಿ ಮಾಡೂದಿಲ್ಲ. ನಾವೆಲ್ಲಾ ತಿಳಕೊಂಡದ್ದು ಇಷ್ಟ. ಆದ್ರ ಈಗಿನ ಹುಡುಗ್ರು ಚಲೋ ಇದ್ದ ಗಾಲಿ ತಗದಿಟ್ಟು, ಅದಕ್ಕಿಂತ ಅರ್ಧಾ ಕಿಲೋ ಹಗರ ಇರೂ ಗಾಲಿ ತರಸ್ತಾರ ನೋಡ್ರಿ, ಬರೇ ಗುಡ್ಡಾ ಏರೂ ಸಲುವಾಗಿ. ನಮ್ಮ ತಂಗಿ ಮಗಳು ಬೆಂಗಳೂರಾಗ ನೌಕರಿ ಮಾಡ್ತಾಳ, ಐತವಾರಕ್ಕೊಮ್ಮೆ ನಸುಕಿನ್ಯಾಗ ಎದ್ದು ನಂದಿ ಬೆಟ್ಟಕ್ಕ ಸೈಕಲ್ ಹೊಡೀತಾಳ. ಅಕಿಗೂ ಈಗ ಹಗರ ಗಾಲಿ ಬೇಕಾಗ್ಯಾವ. ಕಿಮ್ಮತ್ತು ಕೇಳಿ ನಮ್ಮ ತಂಗಿ "ಅಷ್ಟ ರೊಕ್ಕಕ್ಕ ಮನಿಗೆ ಹೊಸಾ ಫ್ರಿಜ್ ಬರ್ತದಲ್ಲ" ಅಂತಾಳ. ಮಗಳು "ನನ್ನ ಪಗಾರದಾಗ ತಗೋತೀನಿ, ನಿನಗೇನು" ಅಂತಾಳ. ಇಬ್ಬರೂ ನನಗ ಫೋನ್ ಮಾಡ್ತಾರ, ಬ್ಯಾರೆ ಬ್ಯಾರೆ.

ಮೂವತ್ತು ವರ್ಷ ಸಾಲ್ಯಾಗ ಇತಿಹಾಸ ಕಲಿಸಿದಾಕಿ ನಾನು. ಒಂದು ವಸ್ತು ಬೇಕೋ ಬ್ಯಾಡೋ ಅಂತ ಹೇಳಬೇಕಾದ್ರ ಅದು ಮೊದಲ ಹೆಂಗಿತ್ತು, ಯಾಕ ಬದಲಾತು ಅಂತ ನೋಡದ ನನಗ ಹೇಳಲಿಕ್ಕೆ ಬರೂದಿಲ್ಲ. ಹಿಂಗಾಗಿ ಈ ಹಗರ ಗಾಲಿ ಕತಿ ಹುಡಕೋತ ಹೋದೆ. ಅದು ಗಾಲಿ ಕತಿ ಅಷ್ಟ ಅಲ್ಲ, ಒಬ್ಬ ಹುಡುಗ ಕಲ್ಲಿನ ಗ್ವಾಡಿ ಮ್ಯಾಲ ಕೂತು ಅತ್ತ ಕತೀನೂ ಹೌದು. ನಿಮಗೂ ಹೇಳೇಬೇಕು ಅನಸ್ತು.

ಮೊದಲ ನಮ್ಮ ಚಕ್ಕಡಿ ಗಾಲಿ ನೆನಪ ಮಾಡಿಕೊಳ್ರಿ. ನಡುವಿನಿಂದ ಸುತ್ತಿನ ತನಕಾ ದಪ್ಪ ದಪ್ಪ ಕಟಗಿ ಕೂಡಿಸಿರ್ತಾರ, ಹೇರಿದ ಭಾರ ಎಲ್ಲಾ ಕೆಳಗಿನ ಕಟಗಿ ಮ್ಯಾಲ ನಿಂದರ್ತದ. ಯುರೋಪಿನೊಳಗ ಮೊದಮೊದಲ ಸೈಕಲ್ಲಿನ ಗಾಲೀನೂ ಇದ ತರದ್ದು, ಕಟಗೀದು, ಮ್ಯಾಲ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ರಸ್ತೆದಾಗ ಹೊಡದ್ರ ಮೈಯಾಗಿನ ಎಲಬೆಲ್ಲಾ ಅಲಗ್ಯಾಡ್ತಿದ್ವು. ಇಂಗ್ಲಂಡಿನ ಮಂದಿ ಆ ಗಾಡಿಗೆ ಎಲಬು ಅಲಗ್ಯಾಡಸೂದು ಅಂತನ ಹೆಸರಿಟ್ಟಿದ್ರು. 1869ರಾಗ ಪ್ಯಾರಿಸ್ಸಿನ ಯುಜೀನ್ ಮೇಯರ್ ಅನ್ನಾಂವ ತಂತಿ ಕಡ್ಡಿ ಹಾಕಿದ ಗಾಲಿಗೆ ಪೇಟೆಂಟ್ ತಗೊಂಡ. ತಂತಿಗೆ ಮ್ಯಾಲಿಂದ ಒತ್ತಿದ್ರ ಬಾಗ್ತದ, ಆದ್ರ ಜಗ್ಗಿದ್ರ ಹರಿಯೂದಿಲ್ಲ. ಅದಕ್ಕ ಎಲ್ಲಾ ಕಡಿಂದ ಬಿಗಿಯಾಗಿ ಜಗ್ಗಿ ಕಟ್ಟಿಬಿಟ್ರ ಗಾಲಿ ಗಟ್ಟಿಯಾಗಿ ನಿಂದರ್ತದ. ನಮ್ಮ ಹೊರಸಿಗೆ ನವಾರ ಬಿಗೀತೀವಲ್ಲ, ಹಂಗ. ಒಂದು ಪಟ್ಟಿ ಸಡಲಾತಂದ್ರ ಇಡೀ ಹೊರಸು ಜೋಲಿ ಬೀಳ್ತದ. ಗಾಲೀನೂ ಹಂಗ, ಒಂದು ಕಡ್ಡಿ ಸಡಲಾದ್ರ ಸೊಟ್ಟ ತಿರಗಲಿಕ್ಕೆ ಹತ್ತತದ. 1874ರಾಗ ಕವೆಂಟ್ರಿ ಊರಿನ ಜೇಮ್ಸ್ ಸ್ಟಾರ್ಲಿ ಆ ಕಡ್ಡಿಗೋಳನ್ನ ನೆಟ್ಟಗ ಕೂಡಸದ, ಒಂದರ ಮ್ಯಾಲ ಒಂದು ಹಾದು ಹೋಗೂ ಹಂಗ ಓರೆ ಕೂಡಿಸಿದ. ನಿಮ್ಮ ಮನಿ ಮುಂದ ನಿಂತ ಸೈಕಲ್ ನೋಡ್ರಿ, ಒಂದೂವರೆ ನೂರು ವರ್ಷ ಆದ್ರೂ ಅದ ಹೆಣಿಕಿ.

1888ರಾಗ ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ತಗೊಂಡ. ಮಗನ ಮೂರು ಗಾಲಿ ಸೈಕಲ್ ಮೆತ್ತಗ ಓಡ್ಲಿ ಅಂತ ಮಾಡಿದ್ದು ಅದು. ಗಾಲಿ ಹಗರ ಆತು, ಮೆತ್ತಗೂ ಆತು. ಇನ್ನ ಉಳಿದದ್ದು ಗುಡ್ಡಾ.

ಗುಡ್ಡಾ ಏರಿಸಿದಾಂವ ಆನ್ರಿ ದೆಗ್ರಾಂಜ್. ಫ್ರಾನ್ಸಿನೊಳಗ ಒಂದು ಪತ್ರಿಕಾ ನಡಸ್ತಿದ್ದ, ಅದರ ಮಾರಾಟ ಹೆಚ್ಚಾಗ್ಲಿ ಅಂತ 1903ರಾಗ ಟೂರ್ ಡಿ ಫ್ರಾನ್ಸ್ ಅನ್ನೂ ಸೈಕಲ್ ಪಂದ್ಯಾ ಸುರು ಮಾಡಿದ. 1910ರಾಗ ಅದನ್ನ ಪಿರನೀಸ್ ಪರ್ವತದ ಮ್ಯಾಲ ಒಯ್ಯೂದು ಅಂತ ಠರಾವಾತು. ರಸ್ತೆ ನೋಡಿ ಬಾ ಅಂತ ಸ್ಟೈನೆಸ್ ಅನ್ನೂ ತನ್ನ ಮನಶ್ಯಾನ್ನ ಕಳಿಸಿದ. ಅಂವ ಟೂರ್ಮಲೆ ಘಾಟಿನ ಹಿಮದಾಗ ರಾತ್ರಿ ಹಾದಿ ತಪ್ಪಿ, ಹೆಂಗೋ ಜೀವಾ ಉಳಿಸ್ಕೊಂಡು ಕೆಳಗಿಳದು, ಮರದಿನ "ರಸ್ತೆ ಚಲೋ ಅದ" ಅಂತ ತಾರು ಕಳಿಸಿದ ಅಂತ ಕತಿ. (ನೆಂಟಸ್ತನ ನೋಡಲಿಕ್ಕೆ ಹೋದವ್ರು ಹಿಂಗ ತಾರು ಕಳಿಸಿದ್ದು ನಮ್ಮ ಮನ್ಯಾಗೂ ಆಗ್ಯದ, ಅದು ಬ್ಯಾರೆ ಮಾತು.) ಆ ವರ್ಷ ಒಂದ ದಿನದಾಗ 326 ಕಿಲೋಮೀಟರ್, ನಡುವ 2115 ಮೀಟರ್ ಎತ್ತರದ ಟೂರ್ಮಲೆ, ಅದರ ಜೋಡಿ ಇನ್ನೂ ದೊಡ್ಡ ದೊಡ್ಡ ಘಾಟು. ಆ ದಿನ ಗೆದ್ದ ಒಕ್ತಾವ್ ಲಾಪಿಜ್ ಹಾದ್ಯಾಗ ಪಂದ್ಯಾ ನಡಸವ್ರನ್ನ ನೋಡಿ ಕೊಲೆಗಡುಕರು ಅಂತ ಬೈದ. ಆದ್ರೂ ಪಂದ್ಯಾ ಬಿಡ್ಲಿಲ್ಲ, ಆ ವರ್ಷದ ಟೂರ್ ಅವನ ಗೆದ್ದ.

ಆವಾಗಿನ ಸೈಕಲ್ಲಿಗೆ ಈಗಿನಗತೆ ಗೇರ್ ಇರ್ಲಿಲ್ಲ. ಹಿಂದಿನ ಗಾಲಿಗೆ ಆಕಡೆ ಒಂದು ಈಕಡೆ ಒಂದು ಹಲ್ಲಿನ ಚಕ್ರ, ಒಂದು ಸಣ್ಣದು, ಒಂದು ದೊಡ್ಡದು. ಗುಡ್ಡದ ಬುಡಕ್ಕ ಬಂದಕೂಡ್ಲೆ ಇಳದು, ಗಾಲಿ ಬಿಚ್ಚಿ, ತಿರುವಿ ಹಾಕಿ ಏರಬೇಕು. ತುದಿಗೆ ಹೋಗಿ ಮತ್ತ ಇಳದು ತಿರುವಿ ಹಾಕಬೇಕು. 1927ರ ನವೆಂಬರದಾಗ ಇಟಲಿಯ ಟುಲ್ಲಿಯೊ ಕಂಪಾನ್ಯೊಲೊ ಅನ್ನೂ ಸವಾರ ಒಂದು ಹಿಮದ ಘಾಟಿನ್ಯಾಗ ಹಿಂಗ ಗಾಲಿ ಬಿಚ್ಚಲಿಕ್ಕೆ ಹೋದ್ರ, ಥಂಡಿಗೆ ಬಳ್ಳು ಸೆಟದು ನಟ್ ತಿರುವಲಿಕ್ಕೆ ಆಗ್ಲೇ ಇಲ್ಲಂತ. ಆ ಸಿಟ್ಟಿನಾಗ ಯೋಚನಾ ಮಾಡಿ, ಕೈಲೆ ಒಂದು ಹಿಡಿಕಿ ಮಡಚಿದ್ರ ಗಾಲಿ ಬಿಗಿ, ತಗದ್ರ ಸಡಲ ಆಗೂ ಉಪಾಯ ಮಾಡಿ, 1930ರಾಗ ಪೇಟೆಂಟ್ ಮಾಡಿಸಿದ. ಈಗ ಸಾವಿರಾರು ಸೈಕಲ್ಲಿಗೆ ಅದ ಹಿಡಿಕಿ ಅದ.

ಟೂರಿನೊಳಗಿನ ಗಾಲಿ ಸುತ್ತು ಮಾತ್ರ ಇನ್ನೂ ಕಟಗೀದ ಇತ್ತು. ದೆಗ್ರಾಂಜ್‌ಗ ಲೋಹದ ರಿಮ್ ಅಂದ್ರ ಅಂಜಿಕಿ. ಆವಾಗ ಟೈರನ್ನ ರಿಮ್ಮಿಗೆ ಅಂಟು ಹಚ್ಚಿ ಕೂಡಸ್ತಿದ್ರು. ಗುಡ್ಡಾ ಇಳಿಯೂ ಮುಂದ ಬ್ರೇಕ್ ಹಿಡದು ಹಿಡದು ಲೋಹ ಕಾದು, ಅಂಟು ಕರಗಿ, ಟೈರ್ ಕಳಚಿ ಬಿದ್ದು ಹುಡುಗ್ರು ಸತ್ತಾರು ಅಂತ. ಅಂವ ಭಾಳ ಹಟಮಾರಿ ಮನಶ್ಯಾ, ಗೇರ್ ಸಹಿತ 1937ರ ತನಕಾ ಬ್ಯಾಡ ಅಂತ ಹಿಡಕೊಂಡು ಕೂತಿದ್ದ. ಆದ್ರ ಈ ಒಂದು ಅಂಜಿಕಿ ಸುಳ್ಳಲ್ಲ. ಅಡಿಗಿ ಮಾಡೂ ನಮಗ ಗೊತ್ತಿಲ್ಲೇನು, ಕಟಗಿ ಸವಟು ಕೈ ಸುಡೂದಿಲ್ಲ, ಸ್ಟೀಲಿನ ಸವಟು ಸುಡ್ತದ.

ಈಗ 1934ಕ್ಕ ಬರ್ರಿ. ಮ್ಯಾವಿಕ್ ಅನ್ನೂ ಫ್ರೆಂಚ್ ಕಂಪನಿ ಡ್ಯೂರಾಲುಮಿನ್ ಅನ್ನೂ ಮಿಶ್ರ ಲೋಹದ ರಿಮ್ ಮಾಡಿತು. ವಿಮಾನಕ್ಕ ಬಳಸೂ ಲೋಹ ಅದು, ಕಬ್ಬಿಣಕ್ಕಿಂತ ಭಾಳ ಹಗರ, ಮಳ್ಯಾಗ ಕಟಗಿಗತೆ ಉಬ್ಬೂದಿಲ್ಲ. ಕಡ್ಡಿ ಸೇರೂ ತೂತಿನ ಸುತ್ತ ಬಲಾ ಕೊಟ್ಟು ಮಾಡಿದ್ರು. ಪೇಟೆಂಟ್ ಮಾಡಿಸಲಿಕ್ಕೆ ಹೋದ್ರ, ಇಟಲಿಯ ಮಾರಿಯೊ ಲಾಂಗಿ ಅನ್ನಾಂವ ಅದ ದಿನ ಎರಡು ತಾಸು ಮೊದಲ ಬಂದು ಅಂಥಾದ್ದಕ್ಕನ ಅರ್ಜಿ ಹಾಕಿ ಹೋಗಿದ್ನಂತ! ಕಡೀಕೆ ಮ್ಯಾವಿಕ್ ಕಂಪನಿ ಅವನ ಪರವಾನಗಿ ತಗೊಂಡು ಮಾಡಬೇಕಾತು. ಆ ವರ್ಷ ಟೂರಿನೊಳಗ ಫ್ರಾನ್ಸ್ ತಂಡದ ಮುಖಂಡ ಆಂತೊನಿನ್ ಮಾನ್ಯೆ. ಕಂಪನಿ ಹೇಳೂ ಪ್ರಕಾರ, ಅಂವ ಆ ಲೋಹದ ರಿಮ್ಮಿಗೆ ಕಟಗಿ ಬಣ್ಣ ಬಳದು, ಯಾರಿಗೂ ಗೊತ್ತಾಗದಂಗ ಪಂದ್ಯಾ ಹೊಡದ. ಹಗರ ಗಾಲಿ ಅನ್ನೂದು ದೊಡ್ಡ ಪಂದ್ಯಾದಾಗ ಹಿಂಗ ವೇಷಾ ಹಾಕ್ಕೊಂಡು ಬಂತು.

ಅದ ಟೂರಿನ್ಯಾಗ ಅದ ಮಾನ್ಯೆಗೆ ಗಾಲೀನ ಕೈಕೊಟ್ಟಿತು. ತಂಡದಾಗ ರೆನೆ ವಿಯೆಟ್ಟೊ ಅಂತ ಒಬ್ಬ ಹುಡುಗ, 20 ವರ್ಷದಾಂವ. ಕಾನ್ ಊರಿನ ಕಡೆ ಹೊಟೇಲಿನಾಗ ಲಿಫ್ಟ್ ನಡಸ್ತಿದ್ದ ಬಡವರ ಹುಡುಗ. ಗುಡ್ಡಾ ಏರೂದ್ರಾಗ ಅವನ ಮುಂದ ಯಾರೂ ಇಲ್ಲ, ಆಲ್ಪ್ಸ್ ಪರ್ವತದಾಗ ಎಲ್ಲಾರನ್ನೂ ಹಿಂದ ಹಾಕಿ ಬಂದಿದ್ದ, ಊರಿಗೆ ಊರ ಅವನ ಹೆಸರು ಹೇಳ್ತಿತ್ತು. ಪಿರನೀಸದಾಗ ಪುಯ್ಮೊರೆನ್ಸ್ ಘಾಟು ಇಳಿಯೂ ಮುಂದ ಮಾನ್ಯೆ ಬಿದ್ದ, ಮುಂದಿನ ಗಾಲಿ ಮುರೀತು. ವಿಯೆಟ್ಟೊ ನಿಂತು ತನ್ನ ಮುಂದಿನ ಗಾಲಿ ಬಿಚ್ಚಿ ಕೊಟ್ಟ. ಮುಖಂಡ ಹೊಂಟು ಹೋದ. ಈ ಹುಡುಗ ರಸ್ತೆ ಬಾಜೂಕ ಕಲ್ಲಿನ ಗ್ವಾಡಿ ಮ್ಯಾಲ ಕೂತ, ಬ್ಯಾರೆ ಗಾಲಿ ಬರೂದನ್ನ ಕಾಯ್ಕೋತ, ಅಳಕೋತ. ಹಂಗ ಕೂತಾಗಿನ ಫೋಟೋ ಫ್ರಾನ್ಸಿನ ಮನಿಮನಿಗೆ ಗೊತ್ತಾತು. ಮರದಿನ ಇನ್ನೊಂದು ಇಳಕಲಿನ್ಯಾಗ ಮಾನ್ಯೆ ಸೈಕಲ್ಲಿಗೆ ಮತ್ತ ತೊಂದರಿ ಬಂತು. ವಿಯೆಟ್ಟೊ ಮುಂದ ಹೋಗಿದ್ದ. ಸುದ್ದಿ ತಿಳದು, ಇಳದ ಗುಡ್ಡಾ ಮತ್ತ ಹೊಳ್ಳಿ ಏರಿ ಬಂದು ತನ್ನ ಸೈಕಲ್ ಕೊಟ್ಟ.

ಮಾನ್ಯೆ ಆ ವರ್ಷ 27 ನಿಮಿಷಕ್ಕಿಂತ ಹೆಚ್ಚಿನ ಅಂತರದಾಗ ಗೆದ್ದ. ವಿಯೆಟ್ಟೊ ಐದನೇದಾಂವ ಆದ, ಗುಡ್ಡಾ ಏರೂ ಬಹುಮಾನ ಅವಂಗ ಬಂತು. ಮುಂದ 1939ರಾಗ ಎರಡನೇದಾಂವ ಆದ, 1947ರಾಗ ಎಷ್ಟೋ ದಿನ ಎಲ್ಲಾರಕಿಂತ ಮುಂದಿದ್ದು ಕಡೀಕೆ ಹಿಂದ ಬಿದ್ದ. ಟೂರ್ ಗೆಲ್ಲೂದು ಅವಂಗ ಆಗ್ಲೇ ಇಲ್ಲ. ಲೋಹದ ರಿಮ್ಮಿನ ಕತಿ ಹೇಳವ್ರು ಬಣ್ಣ ಬಳದದ್ದನ್ನಷ್ಟ ಹೇಳ್ತಾರ. ನನಗಂತೂ ಆ 27 ನಿಮಿಷದಾಗ ವಿಯೆಟ್ಟೊ ಗ್ವಾಡಿ ಮ್ಯಾಲ ಕೂತ ಹೊತ್ತೂ ಸೇರೇದ ಅನಸ್ತದ. ಗಾಲಿ ಹಗರ ಇದ್ರ ಎಷ್ಟೊ, ಬೇಕಾದಾಗ ಗಾಲಿ ಕೊಡೂ ಮನಶ್ಯಾ ಇದ್ದದ್ದು ದೊಡ್ಡದು. ಮನ್ಯಾಗ ಎಲ್ಲಾರಿಗೂ ತನ್ನ ಪಾಲಿಂದು ಕೊಟ್ಟು ಅಡಿಗಿಮನಿ ಕಟ್ಟಿ ಮ್ಯಾಲ ಕೂತ ಎಷ್ಟು ಮಂದಿ ನಮ್ಮ ಅಜ್ಜಿಗೋಳು, ಕಾಕುಗೋಳು ನೆನಪಾದ್ರು ನೋಡ್ರಿ. ಅವ್ರದು ಫೋಟೋನೂ ಇಲ್ಲ.

ಹೆಣ್ಣಮಕ್ಕಳ ಮಾತು ಬಂತಂತ ಹೇಳ್ತೀನಿ, 1924ರಾಗ ಇಟಲಿಯ ದೊಡ್ಡ ಪಂದ್ಯಾ ಜಿರೋದಾಗ ಅಲ್ಫೊನ್ಸಿನಾ ಸ್ಟ್ರಾಡಾ ಅನ್ನಾಕಿ ಗಂಡಸರ ಜೋಡಿ ಸೈಕಲ್ ಹೊಡದ್ಲು. ಗುಡ್ಡದ ಹಾದಿ, ಮಳಿ, ಗಾಳಿ. ಹ್ಯಾಂಡಲ್ ಮುರದು ಹೋತು. ಕಸಬರಗಿ ಕೋಲು ತುಂಡು ಮಾಡಿ ಸಿಗಿಸಿಕೊಂಡು ಹೊಂಟ್ಲು ಅಂತ ಹೇಳ್ತಾರ. ಆ ದಿನ ವ್ಯಾಳ್ಯಾ ಮೀರಿ ಮುಟ್ಟಿದ್ದಕ್ಕ ಅಕಿ ಹೆಸರು ಲೆಕ್ಕದಿಂದ ತಗದ್ರು, ಆದ್ರ ಹೊಡಿಯೂದು ಬಿಡ್ಲಿಲ್ಲ, ಮಿಲಾನ್ ತನಕಾ ಮುಟ್ಟೇಬಿಟ್ಲು. ಹೊಂಟವರು 90 ಮಂದಿ, ಲೆಕ್ಕದೊಳಗ ಮುಟ್ಟಿದ ಗಂಡಸರು 30.

ಮುಂದಿನದು ಲಗೂ ಹೇಳಿ ಮುಗಸ್ತೀನಿ. 1937ರಾಗ ಟೂರಿನೊಳಗ ಲೋಹದ ರಿಮ್ಮಿಗೆ ಪರವಾನಗಿ ಸಿಕ್ಕಿತು. ಅಲ್ಯುಮಿನಿಯಂ ಮಿಶ್ರಲೋಹನ ಐವತ್ತು ಅರವತ್ತು ವರ್ಷ ಆಳಿತು. ಆಮ್ಯಾಲ ಕಾರ್ಬನ್ ನಾರಿನ ರಿಮ್ ಬಂತು. ಎಲ್ಲಾ ಸಾಮಾನು ಎಷ್ಟು ಹಗರ ಆಗಲಿಕ್ಕೆ ಹತ್ತಿತು ಅಂದ್ರ, ಜಗತ್ತಿನ ಸೈಕಲ್ ಸಂಸ್ಥಾ 2000ದಾಗ ಪಂದ್ಯಾದ ಸೈಕಲ್ 6.8 ಕಿಲೋಕ್ಕಿಂತ ಹಗರ ಇರಬಾರದು ಅಂತ ನಿಯಮಾ ಮಾಡಬೇಕಾತು. ಅದಾದ ಮ್ಯಾಲೂ ಮಂದಿ ಹಗರ ಗಾಲಿ ಬೆನ್ನ ಹತ್ತೂದು ಬಿಟ್ಟಿಲ್ಲ.

ಮತ್ತ ಆ ದೆಗ್ರಾಂಜನ ಅಂಜಿಕಿ? ಅದು ಹೋಗ್ಲಿಲ್ಲ. 2003ರ ಟೂರಿನ್ಯಾಗ ಸ್ಪೇನಿನ ಹೊಸೆಬಾ ಬೆಲೊಕಿ ಗ್ಯಾಪ್ ಅನ್ನೂ ಊರಿಗೆ ಇಳಿಯೂ ಮುಂದ, ಬಿಸಲಿಗೆ ಡಾಂಬರ್ ಕರಗಿ, ಸೈಕಲ್ ಜಾರಿ, ಅಂಟಿಸಿದ ಟೈರ್ ರಿಮ್ ಬಿಟ್ಟು ಬಂದು, ತೊಡಿ ಎಲಬು ಮುರಕೊಂಡ. ಮದಲಿನಂಗ ಆಗ್ಲೇ ಇಲ್ಲ ಅಂವ. ಕಾರ್ಬನ್ ರಿಮ್ಮಿಗೂ ಅದ ರೋಗ. ಕಾರ್ಬನ್ ನಾರನ್ನ ರಾಳದಾಗ ಅಂಟಿಸಿ ರಿಮ್ ಮಾಡ್ತಾರ. ಉದ್ದನ್ನ ಇಳಕಲಿನ್ಯಾಗ ಬ್ರೇಕಿನ ರಬ್ಬರ್ ರಿಮ್ಮಿಗೇ ತಿಕ್ಕಿದ್ರ ಆ ರಾಳ ಕಾದು ಮೆತ್ತಗಾಗಿ ರಿಮ್ ಉಬ್ಬತದ, ಪದರ ಬಿಡ್ತದ. ಚಲೋ ಕಂಪನಿಗೋಳು ಶಾಖಾ ತಡಕೊಳ್ಳೂ ರಾಳ ಹಾಕ್ತಾರ, ಸ್ವಸ್ತದವ್ರು ಏನು ಹಾಕ್ತಾರೋ ದೇವರಿಗೆ ಗೊತ್ತು. 2018ರಿಂದ ರಸ್ತೆ ಪಂದ್ಯಾದಾಗ ಡಿಸ್ಕ್ ಬ್ರೇಕಿಗೆ ಪೂರಾ ಪರವಾನಗಿ ಕೊಟ್ರು. ಅದ್ರಾಗ ಬ್ರೇಕ್ ಹಿಡಿಯೂದು ನಡುವಿನ ತಟ್ಟಿಗೆ, ರಿಮ್ಮಿಗಲ್ಲ. ಹಿಂಗಾಗಿ ಹಗರ ಗಾಲಿ ತಗೊಳ್ಳೂ ಮುಂದ ಮೊದಲನೇ ಪ್ರಶ್ನಿ ಏರೂದಲ್ಲ, ಇಳಿಯೂದು. ನಂದಿ ಬೆಟ್ಟಕ್ಕ ಎಷ್ಟು ಸಲ ಏರ್ತಾಳೋ ಅಷ್ಟ ಸಲ ಇಳೀಬೇಕಲ್ಲ! ಸೈಕಲ್ಲಿಗೆ ರಿಮ್ ಹಿಡಿಯೂ ಬ್ರೇಕ್ ಇದ್ರ, ಹೆಸರಿಲ್ಲದ ಸ್ವಸ್ತ ಕಾರ್ಬನ್ ಗಾಲಿ ಬ್ಯಾಡೇ ಬ್ಯಾಡ, ಅಲ್ಯುಮಿನಿಯಂ ಇರ್ಲಿ. ಈ ಮಾತಿನ್ಯಾಗ ನಾ ನಮ್ಮ ತಂಗಿ ಕಡೆ.

ಇನ್ನ ಲೆಕ್ಕಾ. ಅರ್ಧಾ ಕಿಲೋ ಉಳಿಸಿದ್ರ ಖರೇನ ಎಷ್ಟು ಉಪಯೋಗ? ಹುಡುಗಿ, ಸೈಕಲ್ಲು, ನೀರಿನ ಬಾಟ್ಲಿ, ಎಲ್ಲಾ ಸೇರಿ 68 ಕಿಲೋ ಅಂತ ಇಟಗೊಳ್ರಿ. ಅದ್ರಾಗ ಅರ್ಧಾ ಕಿಲೋ ಅಂದ್ರ ನೂರಕ್ಕ ಒಂದೂ ಆಗೂದಿಲ್ಲ, ಮುಕ್ಕಾಲಿನಷ್ಟು. ಕಡಿದಾದ ಏರಿನ್ಯಾಗ ಶಕ್ತಿ ಎಲ್ಲಾ ಭಾರಾ ಎತ್ತಲಿಕ್ಕೇ ಹೋಗ್ತದ, ಅದಕ್ಕ ವ್ಯಾಳ್ಯಾನೂ ಹೆಚ್ಚು ಕಡಿಮಿ ಅಷ್ಟ ಉಳೀತದ. 45 ನಿಮಿಷದ ಏರಿಗೆ ಹೆಚ್ಚಂದ್ರ 20 ಸೆಕೆಂಡು. ಅರ್ಧಾ ಲೀಟರ್ ನೀರು ಕಡಿಮಿ ಒಯ್ದ್ರೂ ಇದ 20 ಸೆಕೆಂಡು.

"ಗಾಲಿ ತಿರಗೂ ವಜನಾ ಮೌಶಿ, ಅದನ್ನ ಉಳಿಸಿದ್ರ ಎರಡು ಪಟ್ಟು ಲಾಭ" ಅಂತ ನಮ್ಮ ಹುಡುಗಿ ವಾದಾ. ಅಂಗಡ್ಯವರು ಹೇಳಿಕೊಟ್ಟದ್ದು. ಅರ್ಧಾ ಖರೇ ಅದು. ಬೀಸೂಕಲ್ಲು ನೆನಪ ಮಾಡಿಕೊಳ್ರಿ, ಸುರುವಿಗೆ ತಿರುಗಸಲಿಕ್ಕೆ ಜೋರು ಹಾಕಬೇಕು, ಒಮ್ಮೆ ತಿರಗಲಿಕ್ಕೆ ಹತ್ತಿತಂದ್ರ ಕಲ್ಲಿನ ವಜನಾ ಅಷ್ಟು ಗೊತ್ತಾಗೂದಿಲ್ಲ. ಗಾಲಿ ಸುತ್ತಿನ ವಜನಾನೂ ಹಂಗ, ವೇಗಾ ಏರಸೂ ಮುಂದಷ್ಟ ಎರಡು ಪಟ್ಟಿನಂಗ ಕಾಡತದ. ಪಂದ್ಯಾದಾಗ ಘಳಿಗಿಗೊಮ್ಮೆ ಜಿಗದು ಹೋಗವ್ರಿಗೆ ಅದು ಬೇಕು. ಒಂದ ಸಮನ ಏರೂ ನಮ್ಮ ಹುಡುಗಿಗೆ ಗಾಲಿ ಮ್ಯಾಲಿನ ಅರ್ಧಾ ಕಿಲೋನೂ ಒಂದ, ಸೀಟಿನ ಕೆಳಗಿನ ಚೀಲದಾಗಿನ ಅರ್ಧಾ ಕಿಲೋನೂ ಒಂದ.

ಹಂಗಂತ 20 ಸೆಕೆಂಡು ಸಣ್ಣದು ಅಂತ ನಗಬ್ಯಾಡ್ರಿ. 2024ರ ಹೆಣ್ಣಮಕ್ಕಳ ಟೂರ್ ಡಿ ಫ್ರಾನ್ಸ್ ಮುಗದದ್ದು ಆಲ್ಪ್ ದುಎಜ್ ಅನ್ನೂ ಗುಡ್ಡದ ತುದಿಗೆ, 21 ತಿರವು ಇರೂ ಏರು. ಆ ದಿನದ ಏರು ಗೆದ್ದಾಕಿ ನೆದರ್ಲಂಡಿನ ಡೆಮಿ ವೊಲ್ಲೆರಿಂಗ್. ಪೂರಾ ಟೂರ್ ಗೆದ್ದಾಕಿ ಪೋಲಂಡಿನ ಕಾಸ್ಯಾ ನೆವ್ಯಾದೋಮಾ. ಎಂಟು ಹಂತ ಹೊಡದ ಮ್ಯಾಲ ಇಬ್ಬರ ನಡುವಿನ ಅಂತರ ಬರೇ 4 ಸೆಕೆಂಡು! ಅಂಥವ್ರಿಗೆ ಕಂಪನಿ ಗಾಲಿ ಕೊಡ್ತದ. ಸ್ವಂತ ಪಗಾರದಾಗ ತಗೊಳ್ಳವ್ರ ಲೆಕ್ಕಾ ಬ್ಯಾರೆ.

ಆ ಲೆಕ್ಕಾ ಹಿಂಗದ. ಸಾಧಾರಣ ಕಿಮ್ಮತ್ತಿನ ರಸ್ತೆ ಸೈಕಲ್ಲಿನ ಜೋಡಿ ಗಾಲಿ, ಟೈರ್ ಬಿಟ್ಟು, ಎರಡು ಕಿಲೋದ ಆಸುಪಾಸು ಇರ್ತಾವ. ಚಲೋ ಅಲ್ಯುಮಿನಿಯಂ ಗಾಲಿ ಒಂದೂವರೆ ಕಿಲೋದಷ್ಟು. ಅಲ್ಲಿಂದ ಕೆಳಗ ಒಂದೊಂದು ನೂರು ಗ್ರಾಮಿಗೂ ರೊಕ್ಕಾ ದುಪ್ಪಟ್ಟು ಓಡತದ. ಆದ್ರ ಮೊದಲ ಟೈರ್ ನೋಡ್ರಿ. ಅಂಚಿಗೆ ಕಬ್ಬಿಣದ ತಂತಿ ಇರೂ ಟೈರ್ ಒಂದಕ್ಕ ಸುಮಾರು 350 ಗ್ರಾಮ್ ಇರ್ತದ, ಮಡಚಿಡಲಿಕ್ಕೆ ಬರೂ ಟೈರ್ 250. ಸಾದಾ ರಬ್ಬರ್ ಟ್ಯೂಬ್ ನೂರು ಗ್ರಾಮ್, ಈಗ ಬಂದ ಪ್ಲಾಸ್ಟಿಕ್ಕಿನಂಥಾ ತೆಳ್ಳನ್ನ ಟ್ಯೂಬ್ 40. ಎರಡೂ ಗಾಲಿಗೆ ಸೇರಿ 320 ಗ್ರಾಮ್ ಇಳೀತು, ಅದೂ ಸುತ್ತಿನ ಮ್ಯಾಲಿಂದ. ಗಾಲಿ ರೊಕ್ಕದ ಒಂದು ಸಣ್ಣ ಪಾಲಿನ್ಯಾಗ ಇದು ಮುಗೀತದ, ಮ್ಯಾಲ ಸೈಕಲ್ ಮೆತ್ತಗೂ ಓಡತದ. ಇದನ್ನ ಮಾಡಿ ನಾಕು ಐತವಾರ ಏರಿ ನೋಡ್ಲಿ. ಆಮ್ಯಾಲೂ ಗಾಲಿ ಬೇಕನಿಸಿದ್ರ ಅವನ್ನ ತಗೋವಲ್ಲಳ್ಯಾಕ, ಅಕಿ ದುಡಕೊಂಡ ರೊಕ್ಕಾ ಅದು. ಈ ಮಾತಿನ್ಯಾಗ ನಾ ಹುಡುಗಿ ಕಡೆ. ಫ್ರಿಜ್ ಕೆಟ್ಟಿಲ್ಲ, ನಾ ನೋಡೇನಿ.

ತಗೊಳ್ಳೂದಾದ್ರ ಹೇಳಿದ ವಜನಾ ನಂಬಬ್ಯಾಡ್ರಿ, ಅಡಿಗಿಮನಿ ತಕ್ಕಡಿ ಮ್ಯಾಲ ಇಟ್ಟ ನೋಡ್ರಿ. ಎಷ್ಟೋ ಕಂಪನಿಗೋಳು ರಿಮ್ಮಿನೊಳಗಿನ ಪಟ್ಟಿ, ಗಾಳಿ ತುಂಬೂ ವಾಲ್ವು, ಆ ಕಂಪಾನ್ಯೊಲೊನ ಹಿಡಿಕಿ, ಇವನ್ನೆಲ್ಲಾ ಬಿಟ್ಟು ವಜನಾ ಹೇಳ್ತಾರ. ಬಂಗಾರದಂಗಡ್ಯಾಗ ಹರಳಿನ ವಜನಾ ಬಿಟ್ಟು ಕೇಳ್ತೀವಿ ನಾವು, ಇಲ್ಲಿ ಎಲ್ಲಾ ಸೇರಿಸಿ ಕೇಳಬೇಕು. ತನ್ನ ಸೈಕಲ್ಲಿನ ಬ್ರೇಕಿಗೆ, ಹಿಂದಿನ ಹಲ್ಲಿನ ಚಕ್ರಕ್ಕ, ಅಚ್ಚಿನ ಅಗಲಕ್ಕ ಗಾಲಿ ಕೂಡ್ತದೋ ಇಲ್ಲೋ ಕೇಳಬೇಕು. ಎಷ್ಟು ವಜನದವ್ರ ತನಕಾ ತಡೀತದ ಅಂತನೂ ಬರದಿರ್ತಾರ, ಅದನ್ನ ಓದಬೇಕು. ಆಮ್ಯಾಲ ಕಡ್ಡಿ ಎಣಸ್ರಿ. ಭಾಳ ಹಗರ ಮಾಡಬೇಕಂತ 20ರ ಮಟ ಇಳಿಸಿರ್ತಾರ, ಅದ್ರಾಗ ಒಂದು ಕಡ್ಡಿ ಮುರದ್ರ ಗಾಲಿ ಅಲ್ಲೇ ಸೊಟ್ಟಾಗಿ ಬ್ರೇಕಿಗೆ ತಿಕ್ಕಿ ನಿಂದರ್ತದ, ಗುಡ್ಡದ ಮ್ಯಾಲ ವಿಯೆಟ್ಟೊ ಯಾರೂ ಇರೂದಿಲ್ಲ. 24 ಇಲ್ಲಾ 28 ಕಡ್ಡಿದು ಸ್ವಲ್ಪ ವಜ್ಜ ಆದ್ರೂ ಮನೀ ಮಟ ತಂದು ಮುಟ್ಟಸ್ತದ. ಅಂಗಡ್ಯಾಗ ರೊಕ್ಕಾ ಕೊಡೂಕಿಂತ ಮೊದಲ, ಇದ ಅಳತಿ ಕಡ್ಡಿ ಬಿಡಿಯಾಗಿ ಸಿಗ್ತಾವೇನು ಅಂತ ಕೇಳಿ, ಒಂದು ನಾಕು ಜಾಸ್ತಿ ತಗೊಂಡು ಮನ್ಯಾಗ ಇಟ್ಟಬಿಡ್ಲಿ.